ಹದಿನಾಲ್ಕಕ್ಕೂ ಹದಿನೈದಕ್ಕೂ ನಡುವೆ ಒಂದು ವೈರು

ನಾನು ಹೋಗಿ ಮುಟ್ಟುವಾಗ ಯಂತ್ರದ ಎದುರು ಮೂವರು ನಿಂತಿದ್ದರು. ಪಾರ್ಕಿಂಗ್ ನಡೆಸುವ ಆಪರೇಟರ್, ಕಟ್ಟಡದ ಮ್ಯಾನೇಜರ್, ಬೀಜಾಡಿಯ ಒಬ್ಬ ಬೋಟಿನ ಮಾಲೀಕ. ನಾಲ್ಕನೆಯವರು ಮೇಲಿದ್ದರು. ಬೋಟಿನವನ ತಾಯಿ, ಎಪ್ಪತ್ತು ದಾಟಿದ ಹೆಂಗಸು. ನೆಲದಿಂದ ಎರಡಾಳು ಎತ್ತರದಲ್ಲಿ ಮಗನ ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದರು. ಅವರ ಪಕ್ಕದ ಬಾಗಿಲು ಅರ್ಧ ತೆರೆದು ಕಬ್ಬಿಣದ ಕಂಬಕ್ಕೆ ಸಿಕ್ಕಿಕೊಂಡಿತ್ತು. ದೀಪಾವಳಿಗೆ ಇನ್ನೂ ಕೆಲವು ದಿನ ಇತ್ತು, ಹನ್ನೆರಡು ಗಂಟೆಯ ಬಿಸಿಲು.

ಕುಂದಾಪುರದಲ್ಲಿ ಹೆದ್ದಾರಿಗೆ ತಾಗಿಕೊಂಡಿರುವ ಆ ಕಟ್ಟಡದಲ್ಲಿ ಕೆಳಗೆ ಅಂಗಡಿಗಳು, ಮೇಲೆ ಡಾಕ್ಟರುಗಳು. ಹಿಂಬದಿಯಲ್ಲಿ ಐದು ಕಾರು ನಿಲ್ಲುವಷ್ಟು ಜಾಗದಲ್ಲಿ ಮೂರು ಅಂತಸ್ತಿನ ಕಬ್ಬಿಣದ ಚೌಕಟ್ಟು ಎಬ್ಬಿಸಿ ಹದಿಮೂರು ಕಾರು ನಿಲ್ಲಿಸುತ್ತಾರೆ. ಒಂದೊಂದು ಕಾರಿಗೂ ಒಂದೊಂದು ಕಬ್ಬಿಣದ ತಟ್ಟೆ. ಗುಂಡಿ ಒತ್ತಿದರೆ ಕೆಳಗಿನ ತಟ್ಟೆಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ, ಬೇಕಾದ ತಟ್ಟೆ ಸರಪಳಿಯ ಮೇಲೆ ಇಳಿದು ಬರುತ್ತದೆ, ಕಾರು ಹತ್ತಿಸಿದ ಮೇಲೆ ಮತ್ತೆ ಏರುತ್ತದೆ. ಮೇಲೆ ಮುಟ್ಟಿದ ತಟ್ಟೆಯನ್ನು ನಾಲ್ಕು ಮೂಲೆಯಲ್ಲಿ ನಾಲ್ಕು ಕೊಕ್ಕೆಗಳು ಹಿಡಿದುಕೊಳ್ಳುತ್ತವೆ. ಕೊಕ್ಕೆ ಬಿದ್ದ ಮೇಲೆ ಸರಪಳಿ ಹರಿದರೂ ಕಾರು ಬೀಳುವುದಿಲ್ಲ. ಆದರೆ ಕೊಕ್ಕೆ ಬೀಳುವ ಮೊದಲೇ ತಟ್ಟೆ ನಿಂತರೆ, ಅದನ್ನು ತಡೆದಿರುವುದು ಮೋಟಾರಿನ ಬ್ರೇಕ್ ಒಂದೇ. ಈ ಯಂತ್ರವನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು.

ಕೊಕ್ಕೆಗೂ ತಟ್ಟೆಗೂ ನಡುವೆ ಒಂದು ಗೇಣು ಅಂತರ ಉಳಿದಿರುವುದು ಕೆಳಗಿನಿಂದಲೇ ಕಾಣುತ್ತಿತ್ತು.

"ಕೆಳಗ್ ಯಾರಾ ಬಂದದ್? ಇಳ್ಸುವರಾ, ಇಲ್ದಿರೆ ಇನ್ನೊಂದ್ ಅಂತಸ್ತ್ ಹತ್ಸುವರಾ?" ಎಂದು ಮೇಲಿನಿಂದ ಅಮ್ಮ ಕೇಳಿದರು. ಗಂಟಲು ಗಟ್ಟಿಯಿತ್ತು. ಬುಟ್ಟಿ ಹೊತ್ತು ಊರೂರು ಮೀನು ಮಾರಿದ ಗಂಟಲು ಎಂದು ಆಮೇಲೆ ಗೊತ್ತಾಯಿತು.

"ಇಳ್ಸುವರೇ ಅಮ್ಮ. ನೀವ್ ಮಾತ್ರ ಹಂದ್ಬೇಡಿ, ಅಲ್ಲಾಡ್ಬೇಡಿ. ಕೂತಲ್ಲೇ ಕೂಕಣಿ."

"ಮೊಣ್ಕಾಲ್ ನೋವ್ ಅಂದೇಳಿ ಡಾಕ್ಟ್ರ ಹತ್ರ ಬಂದದ್. ಹಂದಿ ನಾನ್ ಎಲ್ಲಿಗ್ ಓಡೂದ್?"

ಆಪರೇಟರ್ ನನ್ನ ಬದಿಗೆ ಬಂದ. ನನಗಿಂತ ಹತ್ತು ವರ್ಷ ದೊಡ್ಡವನು, ಇಪ್ಪತ್ತು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವನು. ಕೊರಳಲ್ಲಿ ಈಗಲೂ ಸೀಟಿ. ಸೀಟಿ ಊದದೆ ಒಮ್ಮೆಯೂ ಗುಂಡಿ ಒತ್ತಿದವನಲ್ಲ. ನಾನು ಅವನನ್ನು ಅಣ್ಣಯ್ಯ ಎನ್ನುತ್ತಿದ್ದೆ.

"ನಾನ್ ಕಂಡಿಲ್ಲೆ ಮೇಸ್ತ್ರೇ," ಎಂದ. "ಅಮ್ಮನ್ನ ಹೊರಗೇ ಇಳ್ಸಿ ಕುರ್ಚಿ ಮೇಲ್ ಕೂರ್ಸಿದ್ದೆ. ಮಗ ಕಾರ್ ಒಳಗಿಟ್ಟ್ ಡಾಕ್ಟ್ರ ಟೋಕನ್ ತಕಂಬುಕ್ ಮೇಲ್ ಹೋದ್ರ್. ಗೇಟಿನ್ ಹತ್ರ ಇನ್ನೊಂದ್ ಕಾರ್ ಹಾರ್ನ್ ಹಾಕ್ತಾ ಇದ್ದಿತ್, ಅವ್ರಿಗ್ ಹೇಳಿ ಬಪ್ಪತಿಗೆ ಕುರ್ಚಿ ಖಾಲಿ. ಮಗನ್ ಒಟ್ಟಿಗ್ ಹೋದ್ರ್ ಅಂದ್ಕಂಡೆ. ಸೀಟಿ ಊದ್ದೆ, ಒತ್ತ್ದೆ."

ಅಮ್ಮ ಮಗನೊಟ್ಟಿಗೆ ಹೋಗಿರಲಿಲ್ಲ. ಹಳೆಯ ಔಷಧಿ ಚೀಟಿಗಳ ಚೀಲ ಕಾರಿನಲ್ಲೇ ಉಳಿದದ್ದು ನೆನಪಾಗಿ ಒಳಗೆ ಹೋಗಿದ್ದರು. ಮಗ ಕಾರಿಗೆ ಬೀಗ ಹಾಕಿರಲಿಲ್ಲ. ನಿಂತು ಹುಡುಕಲು ಕಾಲು ಬಾರದೆ ಸೀಟಿನ ಮೇಲೆ ಕುಳಿತು, ಬಾಗಿಲು ಎಳೆದುಕೊಂಡು, ಚೀಟಿ ಒಂದೊಂದೇ ನೋಡುತ್ತಿದ್ದರು. ತಟ್ಟೆ ಏರತೊಡಗಿದ್ದು ಗೊತ್ತಾದದ್ದು ಎರಡನೇ ಅಂತಸ್ತು ದಾಟಿದ ಮೇಲೆ. ಇಳಿಯಲೆಂದು ಬಾಗಿಲು ತೆರೆದರು. ಬಾಗಿಲಿನ ಮೇಲ್ತುದಿ ಕಂಬದ ಅಡ್ಡಪಟ್ಟಿಗೆ ಸಿಕ್ಕಿತು, ಮೋಟಾರಿಗೆ ಭಾರ ಹೆಚ್ಚಾಗಿ ಅದು ತನ್ನಷ್ಟಕ್ಕೇ ನಿಂತಿತು.

ಇದು ಆಗಬಾರದಿತ್ತು. ಯಂತ್ರದ ಬಾಯಿಗೆ ಅಡ್ಡಲಾಗಿ ಬೆಳಕಿನ ಕಣ್ಣೊಂದಿದೆ. ಈ ಕಂಬದಿಂದ ಆ ಕಂಬಕ್ಕೆ ಕಣ್ಣಿಗೆ ಕಾಣದ ಬೆಳಕಿನ ಗೆರೆ. ಅದನ್ನು ದಾಟಿ ಯಾರೇ ಒಳಗೆ ಹೋದರೂ ಯಂತ್ರ ಸ್ತಬ್ಧ. ಆಪರೇಟರ್ ಒಳಗೆ ಹೋಗಿ, ನೋಡಿ, ಹೊರಗೆ ಬಂದು ಇನ್ನೊಂದು ಗುಂಡಿ ಒತ್ತಿದ ಮೇಲೆಯೇ ಅದು ಮತ್ತೆ ಮಾತು ಕೇಳುತ್ತದೆ. ಅಮ್ಮ ಆ ಗೆರೆ ದಾಟಿಯೇ ಒಳಗೆ ಹೋಗಿದ್ದರು. ಯಂತ್ರಕ್ಕೆ ಗೊತ್ತಾಗಲಿಲ್ಲ.

ಮೊದಲು ಮಾಡಬೇಕಾದ ಕೆಲಸ ಮೇನ್ ಸ್ವಿಚ್ ತೆಗೆಯುವುದು. ತೆಗೆದೆ. ಆಮೇಲೆ ಪ್ಯಾನೆಲ್ ಬಾಗಿಲು ತೆರೆದೆ. ವೈರು ಬಿಗಿಯುವ ತಿರುಪುಗಳ ಸಾಲಿನಲ್ಲಿ ಹದಿನಾಲ್ಕನೆಯ ನಂಬರಿಗೂ ಹದಿನೈದನೆಯ ನಂಬರಿಗೂ ನಡುವೆ ಒಂದು ಬೆರಳುದ್ದದ ಕೆಂಪು ವೈರು, ಕರೆಂಟಿಗೆ ಕಣ್ಣನ್ನು ಬಿಟ್ಟು ಬದಿಯಿಂದ ದಾರಿ ಮಾಡಿ ಕೊಟ್ಟುಕೊಂಡು, ಇದ್ದಲ್ಲೇ ಇತ್ತು.

ಅದು ಅಲ್ಲಿಗೆ ಬಂದದ್ದು ಆಯುಧಪೂಜೆಯ ದಿನ. ಆಪರೇಟರ್ ಯಂತ್ರವನ್ನು ತೊಳೆದು, ಕಂಬಗಳಿಗೆ ಸೇವಂತಿಗೆ ಮಾಲೆ ಹಾಕಿ, ಕುಂಕುಮ ಇಟ್ಟು ಪೂಜೆ ಮಾಡಿಸಿದ್ದ. ಬೆಳಕಿನ ಕಣ್ಣು ನೋಡಲಿಕ್ಕೂ ಕಣ್ಣಿನ ಹಾಗೇ ಗುಂಡಗೆ ಹೊಳೆಯುತ್ತದಲ್ಲ, ಭಕ್ತಿಯಿಂದ ಅದಕ್ಕೂ ಗಂಧ ತೇದು ಕುಂಕುಮದ ಬೊಟ್ಟು. ಎರಡೂ ಬದಿಗೆ. ಮಂಗಳಾರತಿ ಆಗಿ ಮೊದಲ ಕಾರು ಇಳಿಸಲು ಗುಂಡಿ ಒತ್ತಿದರೆ ಯಂತ್ರ ಮಿಸುಕಲಿಲ್ಲ. ಬೊಟ್ಟು ಒರೆಸಿದ, ಒದ್ದೆ ಬಟ್ಟೆಯಲ್ಲಿ ತಿಕ್ಕಿದ, ಆಗಲೂ ಇಲ್ಲ. ನನಗೆ ಫೋನ್ ಮಾಡಿದ. ನಾನು ಬೈಂದೂರಿನ ಒಂದು ಲಾಡ್ಜಿನಲ್ಲಿ ಲಿಫ್ಟಿನ ಅಡಿಯ ಹೊಂಡದೊಳಗೆ ಇಳಿದು ಕುಳಿತಿದ್ದೆ. ಹನ್ನೊಂದು ಕಾರು ಒಳಗೆ, ಕಾರಿನವರೆಲ್ಲ ಹೊರಗೆ, ಹಬ್ಬದ ದಿನ.

"ಪ್ಯಾನೆಲಿನಂಗೆ ಹದಿನಾಲ್ಕ್ ಹದ್ನೈದರ್ ನಡು ಒಂದ್ ವೈರ್ ಹಾಯ್ಕ್ ಅಣ್ಣಯ್ಯ. ನಾಳಿಗ್ ಬತ್ತೆ," ಎಂದೆ. ಎಲ್ಲಿ ತಿರುಪು ಸಡಿಲಿಸಬೇಕು, ಎಲ್ಲಿ ಬಿಗಿಯಬೇಕು ಎಂದು ಫೋನಿನಲ್ಲೇ ಹೇಳಿಕೊಟ್ಟೆ.

ಹೋದದ್ದು ಮೂರನೇ ದಿನ. ಕಣ್ಣಿನೊಳಗೆ ನೀರು ಇಳಿದು ಅದು ಸತ್ತಿತ್ತು. ಹೊಸದಕ್ಕೆ ಹೇಳಿದೆ, ವೈರು ಹಾಗೇ ಬಿಟ್ಟು ಬಂದೆ. ಹೊಸ ಕಣ್ಣು ಬಂತು. ಬಂದು ನನ್ನ ಬೈಕಿನ ಡಿಕ್ಕಿಯಲ್ಲಿ ಒಂಬತ್ತು ದಿನದಿಂದ ಡಬ್ಬಿಯೊಳಗೇ ಇತ್ತು. ಬ್ರಹ್ಮಾವರದ ಕೆಲಸ, ಬೈಂದೂರಿನ ಕೆಲಸ ಎಂದು ಓಡಾಡುತ್ತಿದ್ದೆ, ಅದು ನಿಜ. ಇನ್ನೊಂದು ನಿಜವೂ ಇದೆ. ಕಣ್ಣು ಇದ್ದಾಗ ಪಾರಿವಾಳ ಹಾರಿದರೆ, ನಾಯಿ ನುಗ್ಗಿದರೆ, ಗಾಳಿಗೆ ಪ್ಲಾಸ್ಟಿಕ್ ಚೀಲ ಹೋದರೆ ಯಂತ್ರ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಫೋನ್ ನನಗೆ. ವೈರು ಬಿದ್ದ ಮೇಲೆ ಒಂದೂ ಫೋನ್ ಬರಲಿಲ್ಲ. ಯಂತ್ರ ಚೆನ್ನಾಗಿ ನಡೆಯುತ್ತಿದೆ ಎಂದು ಮ್ಯಾನೇಜರ್ ನನ್ನನ್ನು ಹೊಗಳಿಯೂ ಇದ್ದರು. ಆ ಸುಖದಲ್ಲಿ ಡಬ್ಬಿ ಮರೆತೇ ಹೋಗಿತ್ತು.

ಪ್ಯಾನೆಲಿನ ಎದುರು ನಾನು ನಿಂತಿದ್ದಾಗ ಆಪರೇಟರ್ ಹಿಂದೆಯೇ ಇದ್ದ. ವೈರನ್ನು ಅವನೂ ಕಂಡ. ಅಷ್ಟರಲ್ಲಿ ಮಗ ಬಂದು ಅವನ ಅಂಗಿಯ ಕಾಲರಿಗೆ ಕೈ ಹಾಕಿದ.

"ಒತ್ತದ್ ನೀನೇ ಅಲ್ದಾ? ಒಳಗ್ ಜನ ಇತ್ತಾ ಇಲ್ಯಾ ಅಂದೇಳಿ ಕಾಂಬುಕಾತಿಲ್ಯಾ ನಿಂಗೆ? ನನ್ನ್ ಅಬ್ಬಿಗ್ ಎಂತಾರೂ ಆರೆ ನಿನ್ನನ್ನ ಇದ್ರ ಅಡಿಗೇ ಹಾಕ್ತೆ ಕಾಣ್."

ಆಪರೇಟರ್ ನನ್ನ ಮುಖ ನೋಡಿದ. ಒಂದು ಮಾತು ಹೇಳಿದರೆ ಆ ಕೈ ಅವನ ಕಾಲರಿನಿಂದ ನನ್ನ ಕಾಲರಿಗೆ ಬರುತ್ತಿತ್ತು. ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲ. "ಬಿಡಿ, ಮೊದ್ಲ್ ಅಮ್ಮನ್ನ ಇಳ್ಸುವ," ಎಂದು ಹಿರಿಯನ ಹಾಗೆ ಬಿಡಿಸಿದೆ.

ಸೊಂಟಕ್ಕೆ ಪಟ್ಟಿ ಬಿಗಿದು ಹಿಂದಿನ ಏಣಿಯಿಂದ ಮೋಟಾರಿನವರೆಗೆ ಹತ್ತಿದೆ. ತಟ್ಟೆ ಓಡುವ ಕಂಬಕ್ಕೆ ನಾವು ಗ್ರೀಸ್ ಹಚ್ಚಿರುತ್ತೇವೆ. ತಟ್ಟೆ ಎಲ್ಲಿಯವರೆಗೆ ಏರಿತ್ತೋ ಅಲ್ಲಿ ಗ್ರೀಸು ದಪ್ಪಗೆ ಒತ್ತಿ ನಿಂತಿರುತ್ತದೆ. ಆ ಗುರುತಿಗಿಂತ ತಟ್ಟೆ ಎರಡು ಬೆರಳು ಕೆಳಗಿತ್ತು. ನಿಂತ ಮೇಲೆ ಜಾರಿದೆ ಎಂದರ್ಥ. ಬ್ರೇಕಿನ ಮೇಲೆ ಕೈಯಿಟ್ಟೆ. ಅಂಚಿನಲ್ಲಿ ಕೆಂಪು ಪುಡಿ. ನಮ್ಮ ಕಡಲ ಗಾಳಿ ಕಬ್ಬಿಣವನ್ನು ಬಿಡುವುದಿಲ್ಲ. ಹೊರಗಿನದ್ದಕ್ಕೆ ಬಣ್ಣ ಬಳಿಯುತ್ತೇವೆ, ಬ್ರೇಕಿನ ಒಳಗೆ ಬಳಿಯಲಾಗುವುದಿಲ್ಲ.

ಕೆಳಗಿನಿಂದ ಮ್ಯಾನೇಜರ್ ಕೂಗಿದರು. "ಬ್ರೇಕ್ ಬಿಡ್ಸಿ ಕೈಯಂಗೇ ಇಳ್ಸೂಕಾತಿಲ್ಯಾ? ಟ್ರೈನಿಂಗ್ ಕೊಡ್ವತಿಗೆ ಐದ್ ನಿಮ್ಷದಂಗೆ ಇಳ್ಸಿ ತೋರ್ಸಿದ್ರಲೆ?"

ತೋರಿಸಿದ್ದು ಹೌದು. ಪದ್ಧತಿಯೂ ಅದೇ. ಮೋಟಾರಿನ ಪಕ್ಕದ ಸನ್ನೆಗೋಲು ಎತ್ತಿದರೆ ಬ್ರೇಕ್ ಸಡಿಲವಾಗುತ್ತದೆ, ತಟ್ಟೆ ಸ್ವಲ್ಪ ಇಳಿಯುತ್ತದೆ, ಬಿಟ್ಟರೆ ಹಿಡಿಯುತ್ತದೆ, ಮತ್ತೆ ಎತ್ತಬೇಕು. ಹಿಡಿಯುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ಪದ್ಧತಿ. ನಿಂತಲ್ಲೇ ಎರಡು ಬೆರಳು ಜಾರಿದ ಬ್ರೇಕನ್ನು ಒಮ್ಮೆ ಬಿಡಿಸಿದ ಮೇಲೆ ಅದು ಮತ್ತೆ ಹಿಡಿಯದೆ ಹೋದರೆ, ಕೆಳಗೆ ನೆಲದವರೆಗೆ ಏನೂ ಅಡ್ಡವಿರಲಿಲ್ಲ. ಮಗನೂ ಕೂಗಿದ, "ಇಳ್ಸಿ ಮಾರಾಯ್ರೆ, ಅಬ್ಬಿ ಬಿಸ್ಲಂಗೆ ಬೇಯ್ತಾ ಇತ್ತ್." ಹೊರಗೆ ಜನ ಸೇರಿತ್ತು. ಅವರೂ ಇಳಿಸಿ ಇಳಿಸಿ ಎನ್ನುತ್ತಿದ್ದರು. ನನ್ನ ಕೈ ಸನ್ನೆಯ ಮೇಲೇ ಇತ್ತು. ಬೇಗ ಇಳಿಸಿಬಿಟ್ಟರೆ ಎಲ್ಲ ಮುಗಿಯುತ್ತದೆ, ಪ್ಯಾನೆಲ್ ಯಾರೂ ನೋಡುವುದಿಲ್ಲ ಎಂಬ ಯೋಚನೆಯೂ ಬಂತು. ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಕೈ ತೆಗೆದೆ. ಕೆಳಗೆ ಬಂದು ಮಗನಿಗೆ ಹೇಳಿದೆ, "ಬ್ರೇಕ್ ನಂಬುಕಾತಿಲ್ಲೆ. ತಟ್ಟೆಯನ್ನ ಬೇರೆ ಎಂತದ್ರಂಗಾರೂ ಹಿಡ್ಕಂಬ ತನ್ಕ ನಾನ್ ಅದನ್ನ ಮುಟ್ಟುದಿಲ್ಲೆ. ನಿಮ್ಮ್ ಬೋಟಿನ್ ಇಂಜಿನ್ ಎತ್ತೂಕೆ ಎಂತ ಮಾಡ್ತ್ರಿ?"

ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಕೋಪದ ಕಣ್ಣು ಕೆಲಸದ ಕಣ್ಣಾಯಿತು. "ಚೈನ್ ಪುಲ್ಲಿ ಇತ್ತ್. ಎರಡ್ ಟನ್ನಿಂದ್. ಎರಡಿತ್ತ್."

"ಎರಡೂ ಬೇಕ್. ಉದ್ದ ಸರಪಳಿಯದ್ದಾ?"

"ಬೋಟಿನ್ ಅಡಿ ತನ್ಕ ಹೋಪುಕಾತ್." ಫೋನ್ ತೆಗೆದು ತನ್ನ ಬೋಟಿನವರಿಗೆ ಹೇಳಿದ.

ಅದು ಬರಲು ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಅಗ್ನಿಶಾಮಕದವರು ಬಂದರು. ಅವರ ಮುಖ್ಯಸ್ಥರಿಗೆ ಗ್ರೀಸಿನ ಗುರುತು ತೋರಿಸಿದೆ. ಅವರು "ಕಾರಿಂದ ಎಳ್ಕಂಡ್ ಬಪ್ಪುದೂ ಬೇಡ, ಭಾರ ಅತ್ಲಾಗಿತ್ಲಾಗ್ ಆಪುದ್ ಬೇಡ," ಎಂದು ಏಣಿಯನ್ನು ತಟ್ಟೆಗೆ ತಾಗದ ಹಾಗೆ ಪಕ್ಕದ ಕಂಬಕ್ಕೆ ಇಟ್ಟು ಒಬ್ಬನನ್ನು ಹತ್ತಿಸಿದರು. ಅವನು ಕಿಟಕಿಯಿಂದ ನೀರಿನ ಬಾಟಲಿ ಕೊಟ್ಟು ಅಲ್ಲೇ ನಿಂತ. ಅಮ್ಮ ಅವನ ಊರು ಕೇಳಿದರು. ಹಟ್ಟಿಯಂಗಡಿ ಎಂದ.

"ಆ ಊರ್ ನಂಗ್ ಗೊತ್ತಿಲ್ಯಾ ಮಗಾ. ಅಲ್ಲಿ ಹೆಂಗ್ಸ್ರ್ ಬಂಗ್ಡಿಯನ್ನ ಒತ್ತಿ ಒತ್ತಿ ಕಾಂತಿದ್ರ್, ತಕಂಬುದ್ ಮಾತ್ರ ಎರಡೇ."

ಕೆಳಗಿದ್ದವರು ನಕ್ಕರು. ನನಗೆ ನಗು ಬರಲಿಲ್ಲ.

ಚೈನ್ ಪುಲ್ಲಿ ಬಂತು. ಮಗನ ಬೋಟಿನ ಆಳೊಬ್ಬ ಅದರೊಟ್ಟಿಗೆ ಬಂದಿದ್ದ. ನಾನು ಮತ್ತೆ ಹತ್ತಿದೆ. ಮೇಲಿನ ತೊಲೆಗೆ ಎಡಕ್ಕೊಂದು ಬಲಕ್ಕೊಂದು ಪುಲ್ಲಿ ಕಟ್ಟಬೇಕು, ಅದರ ಕೊಕ್ಕೆಯನ್ನು ತಟ್ಟೆಯ ಉದ್ದದ ಅಂಚಿಗೆ ನಡುಮಧ್ಯೆ ಸಿಕ್ಕಿಸಬೇಕು. ಎಡದ್ದು ಕಟ್ಟಿ ಮುಗಿಸಿದ್ದೆ. ಬಲದ್ದಕ್ಕೆ ಪಟ್ಟಿ ಸುತ್ತುತ್ತಿದ್ದಾಗ 'ಟಕ್' ಎಂದಿತು. ತಟ್ಟೆ ಒಂದು ಬೆರಳು ಇಳಿಯಿತು.

ಏಣಿಯ ಮೇಲಿದ್ದವನು ಕಂಬ ತಬ್ಬಿಕೊಂಡ. ಕಾರು ಒಮ್ಮೆ ತೂಗಿ ನಿಂತಿತು. ಕಿಟಕಿಯಲ್ಲಿ ಅಮ್ಮನ ಕೈ ಕಾಣುತ್ತಿತ್ತು, ಮುಂದಿನ ಸೀಟನ್ನು ಹಿಡಿದ ಬೆರಳುಗಳು. ಸಣ್ಣ ದನಿಯಲ್ಲಿ ಕೇಳಿದರು, "ಮಗಾ, ಇದ್ ಬೀಳುತ್ತಾ?"

"ಬೀಳುಕ್ ಬಿಡುದಿಲ್ಲೆ ಅಮ್ಮ," ಎಂದೆ. ಅಷ್ಟು ಹೇಳುವ ಹಕ್ಕು ನನಗಿರಲಿಲ್ಲ. ಬಲದ ಪಟ್ಟಿ ಸುತ್ತಿ ಕೊಕ್ಕೆ ಸಿಕ್ಕಿಸಿದೆ.

ಎಡದ ಸರಪಳಿಗೆ ಮಗ, ಬಲಕ್ಕೆ ಅವನ ಆಳು. ಎರಡೂ ಬದಿ ಸಮ ಇಳಿಯಬೇಕು. ಒಂದು ಬದಿ ಹೆಚ್ಚಾದರೆ ಕಾರು ವಾಲುತ್ತದೆ. ಬಾಯಲ್ಲಿ ಹೇಳಿದರೆ ಜನರ ಗದ್ದಲದಲ್ಲಿ ಕೇಳುವ ಹಾಗಿರಲಿಲ್ಲ. ಆಪರೇಟರ್ ಯಾರೂ ಹೇಳದೆ ಮುಂದೆ ಬಂದು ಇಬ್ಬರ ನಡುವೆ ನಿಂತು ಸೀಟಿ ಬಾಯಿಗಿಟ್ಟ. ಒಂದು ಸೀಟಿಗೆ ಒಂದು ಎಳೆತ. ಮಗ ಅವನ ಕಡೆ ನೋಡಲಿಲ್ಲ, ಆದರೆ ಸೀಟಿಗೆ ಸರಿಯಾಗಿ ಎಳೆದ. ಮೊದಲು ಬಿಗಿ ಮಾಡಿದೆವು. ಯಂತ್ರದ ಸರಪಳಿ ಸಡಿಲವಾಗಿ ಭಾರವೆಲ್ಲ ಪುಲ್ಲಿಗೆ ಬಂದದ್ದನ್ನು ಕಂಡ ಮೇಲೆಯೇ ನಾನು ಬ್ರೇಕಿನ ಸನ್ನೆ ಎತ್ತಿ ಹಿಡಿದೆ. ನಾಲ್ಕು ಸೀಟಿ ಆಗುವಾಗ ಬಾಗಿಲು ಅಡ್ಡಪಟ್ಟಿಯಿಂದ ಬಿಟ್ಟುಕೊಂಡಿತು. ಏಣಿಯ ಮೇಲಿದ್ದವನು ಅದನ್ನು ಒಳಕ್ಕೆ ಒತ್ತಿ ಹಗ್ಗ ಬಿಗಿದ. ಮತ್ತೆ ಸೀಟಿ. ಎಷ್ಟು ಸೀಟಿ ಎಂದು ಎಣಿಸಲಿಲ್ಲ. ಸನ್ನೆ ಹಿಡಿದ ನನ್ನ ತೋಳು ಮರಗಟ್ಟಿತ್ತು. ತಟ್ಟೆ ನೆಲ ಮುಟ್ಟುವಾಗ ಎರಡು ಗಂಟೆ ದಾಟಿತ್ತು.

ಅಮ್ಮನಿಗೆ ನಿಲ್ಲಲಾಗಲಿಲ್ಲ. ಮಗ ಎತ್ತಿಕೊಂಡು ಹೊರಗೆ ತಂದು ಕುರ್ಚಿಯಲ್ಲಿ ಕೂರಿಸಿದ. ಚೀಟಿಯ ಚೀಲ ಮಡಿಲಲ್ಲೇ ಇತ್ತು. "ಟೋಕನ್ ಹೋಯ್ತಾ?" ಎಂದು ಕೇಳಿದರು. ಡಾಕ್ಟರೇ ಕೆಳಗಿಳಿದು ಬಂದು ನಾಡಿ ನೋಡಿದರು.

ಜನ ಚದುರಿದ ಮೇಲೆ ಮ್ಯಾನೇಜರ್ ಯಂತ್ರದ ರಿಜಿಸ್ಟರ್ ನನ್ನ ಮುಂದಿಟ್ಟರು. ಏನಾಯಿತು ಎಂದು ನಾನು ಬರೆದು ಸಹಿ ಮಾಡಬೇಕು. "ಆಪರೇಟರ್ ಕಾಣ್ದೇ ಒತ್ತದ್ ಅಂದೇಳಿ ಬರೀನಿ ಸಾಕ್," ಎಂದರು. "ಒತ್ತದ್ ಹೌದಲ್ದಾ? ಸುಳ್ಳೆಂತ ಅಲ್ಲ. ಹೆಚ್ಚ್ ಬರದ್ರೆ ನಿಮ್ಗೂ ತೊಂದ್ರೆ, ಕಟ್ಟಡಕ್ಕೂ ತೊಂದ್ರೆ."

ಸುಳ್ಳಲ್ಲ ಎನ್ನುವುದೇ ಕಷ್ಟವಾಗಿತ್ತು. ನಾನು ಪೆನ್ನು ಹಿಡಿದು ಹೊರಗೆ ಬಂದೆ. ಆಪರೇಟರ್ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ.

"ಅಣ್ಣಯ್ಯ, ಅವ ಕಾಲರ್ ಹಿಡ್ದತಿಗೆ ಎಂತಕ್ ಹೇಳಿಲ್ಲೆ, ವೈರ್ ಹಾಕೂಕ್ ಹೇಳದ್ ಇವ್ರೇ ಅಂದೇಳಿ?"

ಅಂಗಿಯ ತುದಿಯಲ್ಲಿ ಮುಖ ಒರೆಸಿಕೊಂಡು ಅವನೆಂದ, "ಮೇಲ್ ಹತ್ತುವರ್ ನೀವಲ್ದಾ? ನಿಮ್ ಕೈ ನಡ್ಗಿರೆ ಆ ಅಮ್ಮನ್ ಗತಿ ಎಂತ?"

ರಿಜಿಸ್ಟರಿನಲ್ಲಿ ಒಂದು ಪುಟ ಬರೆದೆ. ಕಣ್ಣು ಸತ್ತ ದಿನ, ನಾನು ಫೋನಿನಲ್ಲಿ ಹೇಳಿದ ಮಾತು, ಹೊಸ ಕಣ್ಣು ನನ್ನ ಕೈಗೆ ಬಂದ ದಿನ, ಬ್ರೇಕಿನ ಸ್ಥಿತಿ. ಅದನ್ನು ಸಕಾಲದಲ್ಲಿ ಬಿಚ್ಚಿ ನೋಡದವನೂ ನಾನೇ ಎಂದು ಬರೆದೆ. ಹೊಸ ಬ್ರೇಕ್ ಮತ್ತು ಹೊಸ ಕಣ್ಣು ಹಾಕಿ ಪರೀಕ್ಷೆ ಆಗುವವರೆಗೆ ಯಂತ್ರ ಚಾಲು ಮಾಡಬಾರದು ಎಂದು ಅಡಿಗೆರೆ ಎಳೆದು ಸಹಿ ಹಾಕಿದೆ. ಮ್ಯಾನೇಜರ್ ಓದಿ ಪುಸ್ತಕ ಮುಚ್ಚಿದರು.

ಆಮೇಲೆ ಮಗನ ಹತ್ತಿರ ಹೋದೆ. ಅವನು ತಾಯಿಯನ್ನು ಆಟೋದಲ್ಲಿ ಮನೆಗೆ ಕಳಿಸಿ ಪುಲ್ಲಿಯ ಸರಪಳಿ ಸುತ್ತುತ್ತಿದ್ದ. ಎಲ್ಲ ಹೇಳಿದೆ. ಕೈ ಎತ್ತುತ್ತಾನೆ ಎಂದುಕೊಂಡಿದ್ದೆ.

"ಆ ಡಬ್ಬಿ ಈಗ ಎಲ್ಲಿತ್ತ್?" ಎಂದ.

"ಬೈಕಿನ ಡಿಕ್ಕಿಯಂಗಿತ್ತ್."

"ತೋರ್ಸಿ ಕಾಂಬ."

ತಂದು ಕೊಟ್ಟೆ. ಬಿಚ್ಚಿ ನೋಡಿದ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಎರಡು ಕಪ್ಪು ತುಂಡುಗಳು. ಅಂಗೈಯಲ್ಲಿ ಮಗುಚಿ ಮಗುಚಿ ನೋಡಿದ.

"ಇಷ್ಟೇಯಾ?" ಎಂದ. ಡಬ್ಬಿ ಹಿಂದೆ ಕೊಟ್ಟು, ಸರಪಳಿ ಹೆಗಲಿಗೆ ಹಾಕಿಕೊಂಡು ಹೋದ. ಆಪರೇಟರ್ ಎದುರು ಒಂದು ಗಳಿಗೆ ನಿಂತ ಹಾಗೆ ಕಂಡಿತು. ಏನು ಮಾತಾಯಿತೋ ನನಗೆ ಕೇಳಲಿಲ್ಲ.

ಆಪರೇಟರನ್ನು ಕೆಲಸದಿಂದ ತೆಗೆಯಲಿಲ್ಲ. ಆ ಕಟ್ಟಡದ ಕೆಲಸ ನನ್ನ ಕೈ ಬಿಟ್ಟಿತು. ಬೇರೆಯವರು ಬಂದು ಬ್ರೇಕ್ ಬದಲಿಸಿದರು, ಕಣ್ಣು ಹಾಕಿದರು. ಈಗ ದಿನಕ್ಕೆ ಹಲವು ಸಲ ಯಂತ್ರ ನಿಲ್ಲುತ್ತದಂತೆ, ಜನ ಬೈಯುತ್ತಾರಂತೆ.

ಅದಾದ ವಾರದಲ್ಲೇ ನಾನು ನೋಡಿಕೊಳ್ಳುವ ಉಳಿದ ಯಂತ್ರಗಳನ್ನು ಒಂದೊಂದಾಗಿ ತೆರೆಯಲು ಹೊರಟೆ. ಬೈಂದೂರಿನದ್ದು ಸರಿಯಿತ್ತು. ಬ್ರಹ್ಮಾವರದಲ್ಲಿ ಒಂದು ಕಟ್ಟಡದ ಹಿಂದೆ ಆರು ಕಾರಿನ ಸಣ್ಣ ಯಂತ್ರವಿದೆ, ಅದೇ ಮಾದರಿಯದ್ದು. ಬೆಳಿಗ್ಗೆ ಹತ್ತು ಗಂಟೆಗೆ ಅಲ್ಲಿಗೆ ಹೋದೆ. ಅಲ್ಲಿ ಪಾರ್ಕಿಂಗ್ ನೋಡಿಕೊಳ್ಳುವವರು ಚಾ ತರಿಸುತ್ತೇನೆ ಎಂದರು, ಆಮೇಲೆ ಎಂದೆ. ಮೇನ್ ತೆಗೆದು ಪ್ಯಾನೆಲ್ ತೆರೆದೆ. ಹದಿನಾಲ್ಕಕ್ಕೂ ಹದಿನೈದಕ್ಕೂ ನಡುವೆ ಒಂದು ನೀಲಿ ವೈರಿತ್ತು. ಅದಕ್ಕೆ ಸುತ್ತಿದ ಟೇಪಿನ ಮೇಲೆ ಪೆನ್ನಿನಲ್ಲಿ 'ತಾತ್ಕಾಲಿಕ' ಎಂದು ಬರೆದಿತ್ತು. ಅಕ್ಷರ ನನ್ನದು.

ವೈರು ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಮೇಲಿದ್ದ ಎರಡು ಕಾರುಗಳನ್ನು ಏಣಿ ಹತ್ತಿ, ಸೀಟಿನ ಅಡಿಯವರೆಗೆ ಟಾರ್ಚ್ ಬಿಟ್ಟು ನೋಡಿ ಇಳಿದೆ. ಇವತ್ತಿನಿಂದ ಇದು ಬಂದ್ ಎಂದು ಅವರಿಗೆ ಹೇಳಿ, ಯಾಕೆಂದೂ ಹೇಳಿದೆ.

"ಇದ್ ಯಾವಾಗ್ಲಿಂದ ಹೀಂಗ್ ಇತ್ತ್?" ಎಂದು ಅವರು ಕೇಳಿದರು.

ಟೇಪಿನ ಮೇಲೆ ತಾರೀಕು ಬರೆದಿರಲಿಲ್ಲ.